ಹುಲಗಮ್ಮನ ವಯಸ್ಸು

೧೯೭೯ರ ದೀಪಾವಳಿ ಕಳೆದ ಮೇಲೆ ಪಾರಮ್ಮ ತನ್ನ ಮಗಳಿಗೆ ದಿನಕ್ಕೆ ಎರಡು ಸಲ ಸ್ನಾನ ಮಾಡಿಸತೊಡಗಿದಳು. ಬೆಳಿಗ್ಗೆ ಒಮ್ಮೆ, ಹೊಲದಿಂದ ಬಂದ ಮೇಲೆ ಇನ್ನೊಮ್ಮೆ. ಕಡಲೆಹಿಟ್ಟು ಹಚ್ಚಿದಳು, ಸೀಗೆಕಾಯಿ ಹಚ್ಚಿದಳು, ಕೊನೆಗೆ ಕೈಗೆ ಸಿಕ್ಕ ಒರಟು ಕಲ್ಲಿನಿಂದ ತಿಕ್ಕಿದಳು. ಹುಡುಗಿಯ ಬೆನ್ನು ಕೆಂಪಾಯಿತೇ ಹೊರತು ವಾಸನೆ ಹೋಗಲಿಲ್ಲ. ಅದು ಮಣ್ಣಿನಲ್ಲಿ ಆಡಿ ಬಂದ ಮಗುವಿನ ವಾಸನೆಯಾಗಿರಲಿಲ್ಲ. ದಿನವಿಡೀ ಬಿಸಿಲಲ್ಲಿ ದುಡಿದು ಬಂದ ದೊಡ್ಡವರ ಬೆವರಿನ ವಾಸನೆ. ಹುಲಗಮ್ಮನಿಗೆ ಆಗ ಏಳು ವರ್ಷ.

ಯಲಬುರ್ಗಾದಿಂದ ಕುಷ್ಟಗಿಯ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಒಂದು ಹರದಾರಿ ನಡೆದರೆ ಸಿಗುವ ಕರಿಗಲ್ಲಹಾಳ ಅವರ ಊರು. ಗಂಡ ವಿರುಪಣ್ಣನಿಗೆ ಎಂಟು ಎಕರೆ ಎರೆಹೊಲವಿತ್ತು. ಮನೆಯಲ್ಲಿ ಮಾತೆಲ್ಲ ಅವನ ತಾಯಿ ಕರಿಯವ್ವನದು. ವಿರುಪಣ್ಣ ಮಾತನಾಡುತ್ತಿದ್ದುದು ಎತ್ತುಗಳ ಜೊತೆಗೆ ಮಾತ್ರ ಎಂದು ಊರವರು ನಗುತ್ತಿದ್ದರು.

ಸಾಲೆಯಲ್ಲಿ ಹುಲಗಮ್ಮ ಎರಡನೆಯ ಇಯತ್ತೆ. ಪಕ್ಕದಲ್ಲಿ ಕುಳಿತ ಮಕ್ಕಳು ಮೂಗು ಮುಚ್ಚಿಕೊಂಡದ್ದನ್ನು ನೋಡಿ ಮಾಸ್ತರರು ಅವಳನ್ನು ಬಾಗಿಲ ಬಳಿ ಕೂರಿಸಿದರು. ವಾರದ ಮೇಲೆ ಪಡಸಾಲೆಗೆ ಕಳಿಸಿದರು. ಅವಳ ಹಣೆಯ ಮೇಲೆ ಮೂರು ನಾಲ್ಕು ಮೊಡವೆಗಳೂ ಎದ್ದಿದ್ದವು. ಸಾಲೆ ಬಿಟ್ಟೊಡನೆ ಹುಡುಗರು "ಹುಲಗಿ ಮುದುಕಿ, ಹುಲಗಿ ಮುದುಕಿ" ಎಂದು ಕೂಗುತ್ತ ಬೆನ್ನು ಹತ್ತುತ್ತಿದ್ದರು. ಅವಳು ಪಾಟಿಚೀಲವನ್ನು ಎದೆಗೆ ಅವಚಿಕೊಂಡು ಓಡುತ್ತಿದ್ದಳು. ಹಿಂದೆ ಬಿದ್ದವರಲ್ಲಿ ಒಬ್ಬನ ಕೈಗೂ ಅವಳು ಒಮ್ಮೆಯೂ ಸಿಗಲಿಲ್ಲ. ಆದರೆ ಮನೆ ಸೇರಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ತನ್ನ ತೋಳನ್ನು ತಾನೇ ಮೂಸಿ ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಪಾರಮ್ಮ ಹೊಸ ಜಂಪರ್ ತೊಡಿಸಲು ಮಗಳ ಕೈ ಎತ್ತಿಸಿದಾಗ ಕಂಕುಳಲ್ಲಿ ತೆಳ್ಳಗಿನ ಕರಿ ಕೂದಲು ಕಂಡಿತು. ಅವಳ ಕೈ ಅಲ್ಲಿಯೇ ನಿಂತಿತು. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಕರಿಯವ್ವ ಮೊರ ಕೆಳಗಿಟ್ಟು ಎದ್ದು ಬಂದಳು, ನೋಡಿದಳು, ಮತ್ತೆ ಮೊರದ ಬಳಿಗೆ ಹೋದಳು. ಸಂಜೆ ವಿರುಪಣ್ಣ ಊಟಕ್ಕೆ ಕುಳಿತಾಗ ಬಾಯಿ ಬಿಟ್ಟಳು.

"ಹುಡುಗಿ ಮೈ ತಿರಗಾಕ ಹತ್ತೈತಿ. ಇವತ್ತೋ ನಾಳೇಯೋ ನೆರಿತಾಳ. ಅಷ್ಟ್ರಾಗ ಕೊಟ್ಟುಬಿಡೂದು ಛಲೋ. ನಿಮ್ಮಕ್ಕನ ಮಗ ಗವಿಸಿದ್ದಪ್ಪ ಅದಾನ. ಗಂಗಾವತ್ಯಾಗ ಅಕ್ಕಿ ಗಿರಣಿ ಕೆಲಸಾ, ಕಾಲುವಿ ನೀರಿನ ಗದ್ದಿ. ಯುಗಾದಿ ಒಳಗ ಮುಗಿಸಿಬಿಡೂಣು."

"ಅತ್ತೀ, ಅಕಿಗೆ ಇನ್ನಾ ಏಳು ವರ್ಷ," ಎಂದಳು ಪಾರಮ್ಮ.

"ನಾ ಈ ಮನಿ ಹೊಸ್ತಿಲ ದಾಟಿದಾಗ ನನಗ ಒಂಬತ್ತು. ಸತ್ತಿಲ್ಲ, ಇಲ್ಲೇ ಅದೀನಿ. ನಾಳೆ ಏನರ ಆದ್ರ ಊರ ಮಂದಿ ಬಾಯಿ ಯಾರು ಹಿಡೀತಾರ? ನೀ ಹಿಡೀತೀಯೇನು?"

ವಿರುಪಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಮರುದಿನವೇ ಕರಿಯವ್ವ ಗಂಗಾವತಿಗೆ ಹೋಗುವವರ ಕೈಯಲ್ಲಿ ಮಗಳು ದುರುಗವ್ವನಿಗೆ ಸುದ್ದಿ ಕಳಿಸಿದಳು. ಹುಲಗಮ್ಮನನ್ನು ಸಾಲೆ ಬಿಡಿಸಿದಳು.

ಪಾರಮ್ಮನಿಗೆ ಊರಲ್ಲಿ ಮನಸ್ಸು ಬಿಚ್ಚಲು ಇದ್ದವಳೆಂದರೆ ನರ್ಸ್ ಇಮಾಮಬಾನು ಒಬ್ಬಳೇ. ಕೊಪ್ಪಳದ ದರ್ಜಿಯೊಬ್ಬನ ಮಗಳು. ಹತ್ತು ವರ್ಷದಿಂದ ಸುತ್ತಲಿನ ಆರು ಹಳ್ಳಿಗಳಿಗೆ ಬಿಸಿಲು ಮಳೆ ನೋಡದೆ ನಡೆದುಕೊಂಡು ಬಂದು ಹೆರಿಗೆ ಮಾಡಿಸುತ್ತಿದ್ದಳು, ಸೂಜಿ ಚುಚ್ಚುತ್ತಿದ್ದಳು. ಹುಲಗಮ್ಮ ಹುಟ್ಟಿದ್ದೂ ಅವಳ ಕೈಯಲ್ಲೇ. ಆ ಗುರುವಾರ ಅವಳು ಬಂದಾಗ ಪಾರಮ್ಮ ಅವಳನ್ನು ದನದ ಕೊಟ್ಟಿಗೆಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು. ಇಮಾಮಬಾನು ಮಗುವಿನ ಕಂಕುಳು, ಹಣೆ ನೋಡಿದಳು.

"ಬಾಯಾರ, ಏನರಿ ಇದು?"

"ಇದು ಏನಂತ ನನಗ ಗೊತ್ತಿಲ್ಲ ಪಾರಮ್ಮ."

ಪಾರಮ್ಮನ ಮುಖ ಬಾಡಿತು.

"ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ನಾ ಹೇಳಂಗಿಲ್ಲ," ಎಂದಳು ಇಮಾಮಬಾನು. "ಆದ್ರ ಒಂದು ಮಾತು. ನಿಮ್ಮ ಅತ್ತಿಗೂ ಗೊತ್ತಿಲ್ಲ. ಗೊತ್ತಿಲ್ದ ಲಗ್ನ ಮಾಡೂದಕ್ಕಿಂತ ಗೊತ್ತಿದ್ದವರನ್ನ ಕೇಳೂದು ಪಾಡು. ಸೋಮವಾರ ಕೊಪ್ಪಳಕ್ಕ ಹೋಗೂಣು."

ಕೊಪ್ಪಳದ ಡಾಕ್ಟರು ಹುಡುಗಿಯನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಇದು ಹೊಟ್ಟೆಯೊಳಗಿನ ಒಂದು ಗ್ರಂಥಿಯ ಕೆಲಸ ಇದ್ದಂತಿದೆ, ಒಮ್ಮೊಮ್ಮೆ ಏನೂ ಆಗಿರುವುದಿಲ್ಲ, ಅಪರೂಪಕ್ಕೆ ಅಲ್ಲಿ ಗಡ್ಡೆ ಬೆಳೆದಿರುತ್ತದೆ, ಪರೀಕ್ಷೆ ಮಾಡುವ ಸಾಮಾನು ನನ್ನ ಬಳಿ ಇಲ್ಲ, ಹುಬ್ಬಳ್ಳಿಗೆ ಒಯ್ಯಿರಿ ಎಂದು ಚೀಟಿ ಬರೆದುಕೊಟ್ಟರು. ಗಡ್ಡೆ ಎಂಬ ಮಾತೊಂದೇ ಪಾರಮ್ಮನ ಕಿವಿಯಲ್ಲಿ ಉಳಿಯಿತು. ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಮಗಳನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಕರಿಯವ್ವ ಹುಬ್ಬಳ್ಳಿಯ ಮಾತು ಕೇಳಿ ಸಿಡಿದಳು. "ಹುಡುಗಿನ್ನ ದವಾಖಾನಿ ದವಾಖಾನಿ ತಿರಗಿಸಿದ್ರ ನಾಳೆ ಯಾರು ಮಾಡಿಕೊಂತಾರ? ಬ್ಯಾನಿ ಹುಡುಗಿ ಅಂತಾರ. ಬ್ಯಾಡ ಅಂದ್ರ ಬ್ಯಾಡ."

ಪಾರಮ್ಮ ಮದುವೆಯಾಗಿ ಬಂದ ಹತ್ತು ವರ್ಷದಲ್ಲಿ ಅತ್ತೆಯ ಮಾತು ಮೀರಿದವಳಲ್ಲ. ಮುಂದಿನ ವಾರ ಒಂದು ಬೆಳಿಗ್ಗೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡಳು, ಮಗಳ ಕೈ ಹಿಡಿದಳು, ಅತ್ತೆಯ ಕಾಲು ಮುಟ್ಟಿದಳು, ಹೊರಟಳು. ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಇಮಾಮಬಾನು ರಜೆ ಹಾಕಿ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ತಲೆಗೆ ರುಮಾಲು ಸುತ್ತಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ವಿರುಪಣ್ಣ ನಿಂತಿದ್ದ. ಹೊಲಕ್ಕೆ ಹೋಗುತ್ತೇನೆಂದು ನಸುಕಿನಲ್ಲೇ ಮನೆ ಬಿಟ್ಟವನು.

"ನೀವೂ ಬರ್ತೀರೇನು?" ಎಂದಳು ಪಾರಮ್ಮ, ನಂಬಲಾರದೆ.

ಅವನು ಮಗಳನ್ನು ಎತ್ತಿ ಬಸ್ಸಿಗೆ ಹತ್ತಿಸಿದ. ಅದೇ ಅವನ ಉತ್ತರ.

ಕೊಪ್ಪಳದಲ್ಲಿ ರೈಲು ಹತ್ತಿದರು. ಹುಲಗಮ್ಮ ಮೊದಲ ಸಲ ರೈಲು ಕಂಡದ್ದು. ಗದಗ ದಾಟುವವರೆಗೂ ಕಿಟಕಿ ಬಿಡಲಿಲ್ಲ. ಕಣ್ಣಿಗೆ ಇದ್ದಿಲ ಕಿಡಿ ಬಿದ್ದರೂ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಮಕ್ಕಳ ಡಾಕ್ಟರು ದಪ್ಪ ಕನ್ನಡಕದ, ನರೆತ ತಲೆಯ ಹೆಂಗಸು. ದೊಡ್ಡವರನ್ನು ಬಿಟ್ಟು ಮೊದಲು ಹುಡುಗಿಯನ್ನೇ ಮಾತನಾಡಿಸಿದರು.

"ನಿನ್ನ ಹೆಸರು ಏನವಾ?"

"ಹುಲಗಮ್ಮ ರೀ."

"ನಿನಗ ಏನು ತ್ರಾಸ ಆಗೈತಿ?"

"ನನಗೇನೂ ಆಗಿಲ್ಲರಿ. ಮಂದಿಗೆ ಆಗೈತ್ರಿ. ಮೂಗು ಮುಚಗೊಂತಾರ್ರಿ."

ಡಾಕ್ಟರು ನಗಲಿಲ್ಲ. ಹೌದು ಎನ್ನುವಂತೆ ತಲೆ ಆಡಿಸಿದರು. ಎತ್ತರ ಅಳೆದರು, ತೂಕ ನೋಡಿದರು, ಒಂದು ಹಾಡು ಹೇಳಿಸಿ ದನಿ ಕೇಳಿದರು, ಹೊಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ನೋಡಿದರು. ಎಡಗೈಯ ಎಕ್ಸ್‌ರೇ ತೆಗೆಸಿದರು. ಒಂದು ದೊಡ್ಡ ಡಬ್ಬಿ ಕೊಟ್ಟು, ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಒಂದು ತೊಟ್ಟೂ ಚೆಲ್ಲದೆ ಇದರಲ್ಲೇ ಹಿಡಿಯಬೇಕು ಎಂದರು. ದವಾಖಾನೆಯ ಪಡಸಾಲೆಯಲ್ಲಿ ಪಾರಮ್ಮ ಆ ಡಬ್ಬಿಯನ್ನು ಬೆಣ್ಣೆಯ ಗಡಿಗೆಯಂತೆ ಕಾದಳು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ವಿರುಪಣ್ಣ ಮಗಳ ಎಲುಬುಗಳನ್ನು ಬಹಳ ಹೊತ್ತು ನೋಡಿದ.

ಐದನೆಯ ದಿನ ಡಾಕ್ಟರು ಮೂವರನ್ನೂ ಕರೆದು ಕೂರಿಸಿದರು.

"ಗಡ್ಡಿ ಗಿಡ್ಡಿ ಏನೂ ಇಲ್ಲ. ಮೊದಲು ಆ ಹೆದರಿಕಿ ಬಿಡ್ರಿ." ತಮ್ಮ ನಡುವಿನ ಹಿಂದೆ ಕೈ ಇಟ್ಟು ತೋರಿಸಿದರು. "ಇಲ್ಲಿ ಒಳಗ, ಎರಡೂ ಬಾಜೂ ಮೂತ್ರಪಿಂಡ ಇರ್ತಾವು. ಅವುಗಳ ತಲಿಮ್ಯಾಲ ಟೊಪಗಿ ಇಟ್ಟಂಗ ಒಂದೊಂದು ಸಣ್ಣ ಗ್ರಂಥಿ. ಎಲ್ಲಾ ಮಕ್ಕಳಿಗೂ ಎಂಟು ಹತ್ತು ವರ್ಷ ಆದಾಗ ಅವು ಒಂದು ಹೊಸ ಕೆಲಸಾ ಸುರು ಮಾಡ್ತಾವು. ಬೆವರಿನ ವಾಸನಿ, ಕೂದಲು, ಮಾರಿಮ್ಯಾಲ ಗುಳ್ಳಿ, ಎಲ್ಲಾ ಅದರಿಂದ. ನಿಮ್ಮ ಹುಡುಗಿಗೆ ಒಂದೆರಡು ವರ್ಷ ಮೊದಲ ಸುರು ಮಾಡ್ಯಾವು. ಅಷ್ಟ."

"ಹಂಗಾರ ಅಕಿ ಲಗೂನ ನೆರಿತಾಳೇನ್ರಿ?" ಎಂದು ಕೇಳಿದಳು ಪಾರಮ್ಮ.

"ಇಲ್ಲವಾ. ಮೈನೆರಿಯೋದು ಬ್ಯಾರೆ. ಅದರ ಹುಕುಂ ತಲಿ ಒಳಗಿಂದ ಬರತೈತಿ. ಅದು ಇನ್ನೂ ಮಲಗೈತಿ. ಅದರ ಯಾಳ್ಯಾಕ್ಕ ಅದು ಏಳತೈತಿ, ಬ್ಯಾರೆ ಹುಡುಗ್ಯಾರಿಗೆ ಎದ್ದಂಗ. ಎಲುಬು ನೋಡೀನಿ. ಎಂಟೂವರಿ ವರ್ಷದ ಮಕ್ಕಳ ಎಲುಬಿನಂಗ ಅದಾವು, ಒಂದು ವರ್ಷ ಮುಂದ. ಅದರಾಗ ಅಂಜೂದೇನೂ ಇಲ್ಲ. ಸ್ವಲ್ಪ ಎತ್ತರ ಕಾಣಸ್ತಾಳ."

"ಔಷಧಾ?"

"ಬ್ಯಾಡ. ದಿನಾ ಝಳಕಾ, ಒಗದ ಅರವಿ. ಕಲ್ಲಿಲೆ ತಿಕ್ಕಬ್ಯಾಡ್ರಿ, ಅದು ಹೊಲಸಲ್ಲ. ಆರು ತಿಂಗಳಿಗೊಮ್ಮೆ ಎತ್ತರ ಅಳೀರಿ. ಭರಭರ ಬೆಳೆದ್ರ, ದನಿ ದಪ್ಪ ಆದ್ರ, ಬ್ಯಾರೆ ಏನರ ಕಂಡ್ರ ತಡಾ ಮಾಡದ ಬರ್ರಿ."

ಪಾರಮ್ಮ ತನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಅಂದ್ರ ಅಕಿ ಇನ್ನಾ ಹುಡುಗೀನ?"

"ಹುಡುಗೀನ. ಸಾಲಿಗೆ ಕಳಸ್ರಿ."

ಡಾಕ್ಟರು ಹುಟ್ಟಿದ ದಿನ ಕೇಳಿದಾಗ ಇಮಾಮಬಾನು ತನ್ನ ಹೆರಿಗೆ ಪುಸ್ತಕದಿಂದ ಬರೆದುತಂದ ದಿನಾಂಕ ಹೇಳಿದಳು. ಅದನ್ನೂ, ಪರೀಕ್ಷೆಗಳ ವಿವರವನ್ನೂ, ರೋಗವಲ್ಲದ ಆ ಸ್ಥಿತಿಯನ್ನೂ ಡಾಕ್ಟರು ಎರಡು ಪುಟದ ಕಾಗದದಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಸೇರಿಸಿ, ಮೊಹರು ಹಾಕಿ ಕೊಟ್ಟರು. ಹೊರಗೆ ಬಂದ ಮೇಲೆ ಪಾರಮ್ಮ ಅಳುವುದೋ ನಗುವುದೋ ತಿಳಿಯದೆ ಮಗಳ ತೋಳಿಗೆ ಮೂಗು ಹಚ್ಚಿ ಮುತ್ತಿಟ್ಟಳು. ಅವಳು ಹಾಗೆ ಮಾಡಿ ಮೂರು ತಿಂಗಳಾಗಿತ್ತು.

ಊರಿಗೆ ಬಂದಾಗ ಅಂಗಳದಲ್ಲಿ ಗಂಗಾವತಿಯಿಂದ ಬಂದ ಗಂಡನ ಅಕ್ಕ ದುರುಗವ್ವ ಕುಳಿತಿದ್ದಳು. ಹುಡುಗಿಗೆ ಉಡಿ ತುಂಬಲು ಹಸಿರು ಸೀರೆ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಿತ್ತಾಳೆಯ ತಾಟಿನಲ್ಲಿದ್ದವು. ಕರಿಯವ್ವ ಚಾಪೆ ಹಾಸಿದ್ದಳು.

ಪಾರಮ್ಮ ಚೀಲ ಕೆಳಗಿಡಲಿಲ್ಲ. "ಯಕ್ಕಾ, ತಪ್ಪು ತಿಳಕೋಬ್ಯಾಡ. ಉಣ್ಣು, ಎಂಟು ದಿನ ಇರು. ಆದ್ರ ಆ ತಾಟು ತಿರಗಿ ಒಯ್ಯಿ. ಡಾಕ್ಟರಮ್ಮ ಹೇಳ್ಯಾಳ, ನಮ್ಮ ಹುಡುಗಿ ಇನ್ನಾ ಹುಡುಗಿ."

"ನಮ್ಮವ್ವ ಮಾತು ಕೊಟ್ಟಾಳ," ಎಂದಳು ದುರುಗವ್ವ.

"ಅತ್ತಿ ಕೊಟ್ಟಿದ್ದು ಅತ್ತಿ ಮಾತು. ಹುಡುಗಿ ನಂದು."

ಕರಿಯವ್ವ ಮಗನ ಕಡೆ ತಿರುಗಿದಳು. "ಕೇಳಿದೇನು ನಿನ ಹೇಣ್ತಿ ಮಾತು? ನೀನರ ಹೇಳು."

ವಿರುಪಣ್ಣ ರುಮಾಲು ತೆಗೆದು ಕೊಡವಿದ. ಅಂಗಳದಲ್ಲಿದ್ದವರೆಲ್ಲ ಅವನನ್ನೇ ನೋಡಿದರು.

"ಯವ್ವಾ, ಅಕಿ ಎಲುಬು ನಾ ಕಣ್ಣಾರೆ ನೋಡೀನಿ," ಎಂದ. "ಭಾಳ ಸಣ್ಣವು ಅದಾವು. ಲಗ್ನ ಇಲ್ಲ."

ದುರುಗವ್ವ ಊಟ ಮಾಡದೆ ಎದ್ದು ಹೋದಳು. ಅಂದಿನಿಂದ ಕರಿಯವ್ವ ಸೊಸೆಯ ಜೊತೆ ಮಾತು ಬಿಟ್ಟಳು. ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. "ಉಪ್ಪು ಕಡಿಮಿ ಆಗೈತಿ" ಎಂದು ಗೋಡೆಗೆ, "ಎಮ್ಮಿ ಒದರಾಕ ಹತ್ತೈತಿ" ಎಂದು ಗೋಡೆಗೆ. ಹುಡುಗಿಗೆ ಹದಿಮೂರಾಗಲಿ, ಆಗ ನೋಡೋಣ, ಅವಳು ಗವಿಸಿದ್ದಪ್ಪನ ಹೆಂಡತಿಯೇ ಎಂದು ನೆರೆಯವರಿಗೆ ಹೇಳುತ್ತಿದ್ದಳು.

ಇಮಾಮಬಾನು ಸಾಲೆಗೆ ಹೋಗಿ ಹೆಡ್ ಮಾಸ್ತರರಿಗೆ ಕಾಗದ ಓದಿ ಹೇಳಿದಳು. ಹುಲಗಮ್ಮ ಪಡಸಾಲೆಯಿಂದ ಒಳಗೆ ಬಂದಳು. ಆದರೂ ಊರ ಬಾಯಿ ಮುಚ್ಚಲು ಬಹಳ ದಿನ ಹಿಡಿಯಿತು. ನೀರಿಗೆ ಬಂದ ಹೆಂಗಸರು, ಬೆಂಕಿ ಕೇಳಲು ಬಂದವರು, ಯಾರೇ ಕೇಳಲಿ, ಪಾರಮ್ಮ ಟ್ರಂಕಿನಿಂದ ಆ ಕಾಗದ ತೆಗೆಯುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಸಾಲು ಸಾಲಿನ ಮೇಲೆ ಬೆರಳಿಟ್ಟು ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಿದ್ದಳು: ಟೊಪ್ಪಿಗೆಯಂಥ ಗ್ರಂಥಿ, ಮಲಗಿರುವ ಹುಕುಂ, ಎಲುಬಿನ ವಯಸ್ಸು. ಕರಿಯವ್ವ ಆ ಹೊತ್ತಿಗೆ ಹತ್ತಿರದಲ್ಲೇ ಬೆನ್ನು ತಿರುಗಿಸಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಕೇಳಿಸಿಕೊಂಡಂತೆ ಎಂದೂ ತೋರಿಸಲಿಲ್ಲ. ಆರು ತಿಂಗಳಿಗೊಮ್ಮೆ ಇಮಾಮಬಾನು ಬಂದು ಎತ್ತರ ಅಳೆದಳು. ಹುಡುಗಿ ಡಾಕ್ಟರು ಹೇಳಿದ ಅಳತೆಯಲ್ಲೇ ಬೆಳೆಯುತ್ತಿದ್ದಳು.

ಮುಂದಿನ ಸಾಲೆ ವರ್ಷಕ್ಕೆ ಊರಿಗೆ ಮಲಿಕಸಾಬ ಎಂಬ ಹೊಸ ಮಾಸ್ತರರು ಬಂದರು. ಸ್ವತಃ ಓಟಗಾರರು. ಬಂದ ವಾರದಲ್ಲೇ, "ಮುದುಕಿ" ಎಂದು ಕೂಗುವ ಐದು ಹುಡುಗರನ್ನು ಹಿಂದೆ ಬಿಟ್ಟು ಹುಲಗಮ್ಮ ಕೆರೆ ಏರಿಯ ಮೇಲೆ ಓಡುವುದನ್ನು ಕಂಡರು. ಆ ಐವರಲ್ಲಿ ಇಬ್ಬರು ಏಳನೆಯ ಇಯತ್ತೆಯವರು. ಮಾಸ್ತರರು ಮೊದಲು ಹುಡುಗರ ಕಿವಿ ಹಿಂಡಿದರು, ಆಮೇಲೆ ಹುಡುಗಿಯನ್ನು ಕರೆದರು.

"ಅಂಜಿ ಓಡ್ತಿದ್ದೇನವಾ?"

"ಮೊದಲು ಅಂಜತಿದ್ನಿರಿ," ಎಂದಳು ಹುಲಗಮ್ಮ. "ಈಗ ಅವ್ರಿಗೆ ಸಿಗಬಾರದಂತ ಓಡ್ತೀನ್ರಿ."

"ನಾಳಿಂದ ಗೆಲ್ಲಬೇಕಂತ ಓಡು. ನಾ ಹೇಳಿಕೊಡ್ತೀನಿ."

ಎರಡು ವರ್ಷ ಅವರು ದಿನವೂ ಬೆಳಿಗ್ಗೆ ಅವಳನ್ನು ಬರಿಗಾಲಲ್ಲಿ ಕೆರೆ ಏರಿಯ ಮೇಲೆ ಓಡಿಸಿದರು. ೧೯೮೨ರ ನವೆಂಬರಿನಲ್ಲಿ ಯಲಬುರ್ಗಾದಲ್ಲಿ ತಾಲೂಕು ಕ್ರೀಡಾಕೂಟ ಬಂತು. ಹನ್ನೊಂದು ತುಂಬದ ಹುಡುಗಿಯರ ನೂರು ಮೀಟರ್ ಓಟಕ್ಕೆ ಹುಲಗಮ್ಮನ ಹೆಸರು ಬರೆಸಿದರು. ಅವಳಿಗೆ ಆಗ ಹತ್ತು ವರ್ಷ ಮೂರು ತಿಂಗಳು. ಪಾರಮ್ಮ ಏಳು ತಿಂಗಳ ಬಸುರಿ. ಹೋಗುವಂತಿರಲಿಲ್ಲ. ವಿರುಪಣ್ಣ ಬಿತ್ತನೆಯಲ್ಲಿದ್ದ. ಹುಡುಗಿಯನ್ನು ಒಂಟಿಯಾಗಿ ಕಳಿಸುವುದು ಹೇಗೆ ಎಂದು ಪಾರಮ್ಮ ಯೋಚಿಸುತ್ತಿರುವಾಗ ಕರಿಯವ್ವ ಗೋಡೆಗೆ ಹೇಳಿದಳು: "ನಾ ಹೋಗ್ತೀನಿ. ಬೆಳದ ಹುಡುಗಿನ್ನ ಹಂಗ ಬಿಡಾಕ ಬರಂಗಿಲ್ಲ."

ಕಾವಲಿಗೆ ಹೊರಟವಳು ಅವಳು, ನೋಡಲು ಅಲ್ಲ. ವಯಸ್ಸಿನ ಕಾಗದ ಇದ್ದರೆ ತನ್ನಿ ಎಂದು ಮಾಸ್ತರರು ಹೇಳಿದ್ದರಿಂದ ಪಾರಮ್ಮ ಹುಬ್ಬಳ್ಳಿಯ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅತ್ತೆಯ ಬಟ್ಟೆಗಂಟಿನಲ್ಲಿ ಇಟ್ಟಳು.

ಮೈದಾನದ ತುಂಬ ಸುಣ್ಣದ ಗೆರೆ, ಬಣ್ಣದ ಕಾಗದದ ಪರಪರಿ. ಬೆಳಗಿನ ಮೊದಲ ಸುತ್ತಿನಲ್ಲಿ ಹುಲಗಮ್ಮ ಉಳಿದವರನ್ನು ಹತ್ತು ಹೆಜ್ಜೆ ಹಿಂದೆ ಬಿಟ್ಟು ಗೆರೆ ದಾಟಿದಳು. ಕರಿಯವ್ವ ಬೇಲಿಯ ಬಳಿ ಕುಳಿತಿದ್ದವಳು ಅರಿವಿಲ್ಲದೆಯೇ ಎದ್ದು ನಿಂತಿದ್ದಳು. ಮತ್ತೆ ಸೆರಗು ಸರಿಮಾಡಿಕೊಂಡು ಕುಳಿತಳು.

ಮಧ್ಯಾಹ್ನ ಕೊನೆಯ ಸುತ್ತಿಗೆ ಮುಂಚೆ ಬೇರೊಂದು ಊರಿನ ಮಾಸ್ತರರು ಪಂದ್ಯದ ಮೇಜಿನ ಮುಂದೆ ಬಂದು ತಕರಾರು ಎತ್ತಿದರು. "ಈ ಹುಡುಗಿ ಹತ್ತು ವರ್ಷದಾಕಿ ಅಲ್ಲರಿ. ಎತ್ತರ ನೋಡ್ರಿ, ಮಾರಿಮ್ಯಾಲಿನ ಮೊಡವಿ ನೋಡ್ರಿ. ಹದಿಮೂರು ಹದಿನಾಲ್ಕು ಆಗೈತಿ. ನೆರದ ಹುಡುಗಿನ್ನ ಸಣ್ಣವರ ಕೂಡ ಓಡಸಾಕ ಹತ್ತ್ಯಾರ."

ಮಲಿಕಸಾಬ ಮಾಸ್ತರರು ಸಾಲೆಯ ದಾಖಲೆ ತೋರಿಸಿದರು. ಮೇಜಿನ ಹಿಂದಿದ್ದ ಅಧಿಕಾರಿ ತಲೆ ಅಲ್ಲಾಡಿಸಿದರು. "ಮಾಸ್ತರ, ಸಾಲಿ ದಾಖಲಾತ್ಯಾಗ ಎಲ್ಲಾ ಮಕ್ಕಳೂ ಜೂನ್ ಒಂದಕ್ಕ ಹುಟ್ಯಾರ. ಇದನ್ನ ಹೆಂಗ ನಂಬೂದು? ಸದ್ಯಕ್ಕ ಹುಡುಗಿನ್ನ ಬಾಜೂಕ ನಿಲ್ಲಸ್ರಿ."

ಹುಲಗಮ್ಮ ಗೆರೆಯಿಂದ ಹೊರಗೆ ಬಂದು ನಿಂತಳು. ಜನ ಅವಳ ಸುತ್ತ ನೆರೆದರು. ಯಾರೋ ನಕ್ಕರು. ಅವಳು ತೋಳುಗಳನ್ನು ಮೈಗೆ ಒತ್ತಿಕೊಂಡು, ತಲೆ ತಗ್ಗಿಸಿ, ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕತೊಡಗಿದಳು. ಏಳು ವರ್ಷದವಳಿದ್ದಾಗ ಅಡುಗೆಮನೆಯ ಮೂಲೆಯಲ್ಲಿ ಹೀಗೆಯೇ ಮುದುಡಿ ಕೂರುತ್ತಿದ್ದುದನ್ನು ಕರಿಯವ್ವ ದಿನವೂ ಕಂಡಿದ್ದಳು.

ಮುದುಕಿ ಎದ್ದಳು. ಬೇಲಿಯ ಹಗ್ಗ ಎತ್ತಿ ಒಳಗೆ ನುಗ್ಗಿದಳು. ತಡೆಯಲು ಬಂದವನನ್ನು ಕೈಯಿಂದ ಸರಿಸಿ ನೇರ ಮೇಜಿನ ಮುಂದೆ ನಿಂತಳು.

"ಯಾರಪಾ ಅದು, ನನ್ನ ಮೊಮ್ಮಗಳ ವಯಸ್ಸು ಕೇಳಿದವ್ರು? ನನ್ನ ಕೇಳ್ರಿ, ಹೇಳ್ತೀನಿ. ಪಂಚಮಿಗೆ ಉಂಡಿ ಕಟ್ಟಾಕ ಕುಂತಿದ್ದೆ, ನನ್ನ ಸೊಸಿಗೆ ಬ್ಯಾನಿ ಬಂದುವು. ಕೈ ತೊಳಕೊಂಡು ಹೋಗಿ ನರ್ಸಬಾಯಿ ಕೈಯಿಂದ ಕೂಸಿನ್ನ ಮೊದಲು ಇಸಗೊಂಡಾಕಿ ನಾನ. ಅಲ್ಲಿಂದ ಹತ್ತು ಪಂಚಮಿ ಆಗ್ಯಾವು. ಹನ್ನೊಂದನೇದು ಇನ್ನಾ ಬರಬೇಕು!"

"ಯಮ್ಮಾ, ಬಾಯಿ ಮಾತು ನಡಿಯಂಗಿಲ್ಲ," ಎಂದರು ತಕರಾರಿನ ಮಾಸ್ತರರು. "ಮೊಡವಿ ಯಾಕ ಬಂದಾವ ಹಂಗಾರ?"

"ಮೊಡವಿ ಯಾಕ ಬಂದಾವ ಅಂತ ನಿಮಗ ಗೊತ್ತಿಲ್ಲ. ನನಗ ಗೊತ್ತೈತಿ." ಕರಿಯವ್ವ ತನ್ನ ನಡುವಿನ ಹಿಂದೆ ಕೈ ಇಟ್ಟಳು. "ಇಲ್ಲಿ ಮೂತ್ರಪಿಂಡ ಅದಾವು. ಅವುಗಳ ಮ್ಯಾಲ ಟೊಪಗಿ ಹಂಗ ಗ್ರಂಥಿ ಅದಾವು. ನಮ್ಮ ಹುಡುಗಿಗೆ ಅವು ಮೊದಲ ಎದ್ದಾವು. ಬೆವರು ನಾರೂದು, ಮೊಡವಿ ಬರೂದು ಅದರ ಕೆಲಸಾ. ನೆರಿಯೋದು ಬ್ಯಾರೆ, ಅದರ ಹುಕುಂ ತಲ್ಯಾಗ ಇರತೈತಿ, ಅದು ಇನ್ನಾ ಮಲಗೈತಿ. ಅಕಿ ಎಲುಬು ಒಂದು ವರ್ಷ ಮುಂದ ಅದಾವು, ಅದಕ್ಕ ಎತ್ತರ ಅದಾಳ. ನಮ್ಮ ಹುಡುಗಿ ಇನ್ನಾ ಹುಡುಗೀನ!"

ಮೂರು ವರ್ಷ ಬೆನ್ನು ತಿರುಗಿಸಿ ಕುಳಿತು ಬತ್ತಿ ಹೊಸೆದವಳ ಬಾಯಿಂದ ಸೊಸೆಯ ಮಾತುಗಳು ಒಂದಕ್ಷರ ತಪ್ಪದೆ ಬಂದಿದ್ದವು. ಅದು ಹುಲಗಮ್ಮನೊಬ್ಬಳಿಗೆ ಗೊತ್ತಿತ್ತು. ಅವಳು ತಲೆ ಎತ್ತಿದಳು.

ಕರಿಯವ್ವ ಗಂಟು ಬಿಚ್ಚಿ ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಮೊಳಕಾಲು ತರಚಿದ ಮಕ್ಕಳಿಗೆ ಪಟ್ಟಿ ಕಟ್ಟಲು ಅಲ್ಲೇ ಡೇರೆಯಲ್ಲಿ ಕುಳಿತಿದ್ದ ಸರಕಾರಿ ಡಾಕ್ಟರನ್ನು ಅಧಿಕಾರಿ ಕರೆಸಿದರು. ಅವರು ಎರಡೂ ಪುಟ ಓದಿದರು. ಮೊಹರು ನೋಡಿದರು. ಹುಟ್ಟಿದ ದಿನಾಂಕದ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದರು.

"ಈ ಯಮ್ಮ ಹೇಳಿದ್ದರಾಗ ಒಂದೂ ತಪ್ಪಿಲ್ಲ," ಎಂದರು. "ಎಲ್ಲಾ ಇದರಾಗ ಬರದೈತಿ. ಎಂಬತ್ತರಾಗ ಹುಡುಗಿಗೆ ಏಳು ವರ್ಷ ಐದು ತಿಂಗಳು. ಈಗ ಹತ್ತು ವರ್ಷ ಮೂರು ತಿಂಗಳು. ಓಡಸ್ರಿ."

ಹುಲಗಮ್ಮ ಗೆರೆಗೆ ಮರಳಿದಳು. ಪಕ್ಕದ ಹುಡುಗಿ ಮೂಗು ಸಿಂಡರಿಸಿ ಒಂದು ಹೆಜ್ಜೆ ಸರಿದು ನಿಂತಳು. ಹುಲಗಮ್ಮ ಈ ಸಲ ತೋಳು ಮುಚ್ಚಿಕೊಳ್ಳಲಿಲ್ಲ. ಸೀಟಿ ಊದಿದರು.

ಮೊದಲ ಇಪ್ಪತ್ತು ಹೆಜ್ಜೆ ಅವಳು ಮೂರನೆಯವಳಾಗಿದ್ದಳು. ಆಮೇಲೆ ಅವಳ ಉದ್ದ ಕಾಲುಗಳು ಬಿಚ್ಚಿಕೊಂಡವು. ಕೆಂಪು ರಿಬ್ಬನ್ನಿನ ಜಡೆ ಬೆನ್ನ ಹಿಂದೆ ನೆಟ್ಟಗೆ ಹಾರಿತು. ಅರ್ಧ ದಾರಿಯಲ್ಲಿ ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಮುಂದೆ ಬರಿಯ ಸುಣ್ಣದ ಗೆರೆ ಉಳಿಯಿತು. ಬೇಲಿಯ ಈಚೆಗೆ ಕರಿಯವ್ವ ಸೆರಗು ಜಾರಿದ್ದನ್ನೂ ಗಮನಿಸದೆ ಅವಳ ಜೊತೆಜೊತೆಗೆ ಓಡುತ್ತಿದ್ದಳು, "ಓಡು ನನ್ನವ್ವಾ, ಓಡು!" ಎಂದು ಕೂಗುತ್ತಿದ್ದಳು. ಹುಲಗಮ್ಮ ಗೆರೆ ದಾಟಿ, ದಾಟಿದ್ದು ತಿಳಿಯದೆ ಇನ್ನೂ ಹತ್ತು ಮಾರು ಓಡಿ, ಎದುರಿಗೆ ಬಂದ ಅಜ್ಜಿಯ ತೋಳಿನಲ್ಲಿ ಬಿದ್ದಳು.

ಡಾಕ್ಟರು ಚಪ್ಪಾಳೆ ತಟ್ಟಿದರು. ತಕರಾರಿನ ಮಾಸ್ತರರೂ ಬಂದು, "ತಪ್ಪು ತಿಳಕೊಂಡಿದ್ದೆ ತಂಗಿ, ಛಲೋ ಓಡಿದಿ," ಎಂದು ಅವಳ ಬೆನ್ನು ತಟ್ಟಿದರು.

ಸಂಜೆಯ ಬಸ್ಸಿನಲ್ಲಿ ಪ್ರಮಾಣಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಹುಲಗಮ್ಮ ಕೇಳಿದಳು. "ಅಜ್ಜೀ, ನೀನೂ ಇವತ್ತು ಓಡಿದಿ. ಸಣ್ಣಾಕಿ ಇದ್ದಾಗ ಓಡ್ತಿದ್ದೇನು?"

ಕರಿಯವ್ವ ಹೊರಗೆ ನೋಡಿದಳು. "ನಿನ್ನಷ್ಟ ಇದ್ದಾಗ ನಾ ನಿಮ್ಮಜ್ಜನ ಮನ್ಯಾಗ ಬೀಸಾಕ ಕುಂತಿದ್ದೆ. ಓಡ್ತೀಯೇನಂತ ಯಾರು ಕೇಳ್ತಾರ?" ಮೊಮ್ಮಗಳ ತಲೆ ಸವರಿದಳು. "ನಿನ್ನ ಕೇಳಾಕ ನಾವದೀವಿ, ನೀ ಓಡು."

ಮನೆ ತಲುಪಿದಾಗ ಪಾರಮ್ಮ ದೀಪ ಹಚ್ಚುತ್ತಿದ್ದಳು. ಕರಿಯವ್ವ ಗೋಡೆಯ ಕಡೆ ತಿರುಗಲಿಲ್ಲ. ಸೊಸೆಯ ಮುಖ ನೋಡಿಯೇ ಹೇಳಿದಳು. "ಪಾರೀ, ಹುಡುಗಿ ಗೆದ್ದಳು. ದುರುಗಿಗೆ ನಾಳೆ ಸುದ್ದಿ ಕಳಸ್ತೀನಿ, ಮಗನಿಗೆ ಬ್ಯಾರೆ ಕಡೆ ನೋಡಿಕೊ ಅಂತ. ಮಾತು ಕೊಟ್ಟಾಕಿ ನಾನ, ತಿರಗಿ ತಗೊಳ್ಳಾಕಿನೂ ನಾನ." ಪಾರಮ್ಮ ಕೈಯಲ್ಲಿದ್ದ ಕಡ್ಡಿ ಉರಿದು ಬೆರಳು ಸುಡುವವರೆಗೂ ಹಾಗೆಯೇ ನಿಂತಿದ್ದಳು. ಆಮೇಲೆ ಅತ್ತೆಗೂ ಮಗಳಿಗೂ ಒಂದೇ ತಟ್ಟೆಯಲ್ಲಿ ಬಿಸಿ ರೊಟ್ಟಿ ಹಾಕಿದಳು.

ಜಿಲ್ಲಾ ಕ್ರೀಡಾಕೂಟಕ್ಕೆ ರಾಯಚೂರಿಗೆ ಹೋದಾಗ ಹುಲಗಮ್ಮ ಎರಡನೆಯವಳಾಗಿ ಬಂದಳು. ಬೂಟು ಹಾಕಿಕೊಂಡು ಓಡಿದ ಪೇಟೆಯ ಹುಡುಗಿಯ ಎದುರು ಬರಿಗಾಲಲ್ಲಿ ಒಂದು ಹೆಜ್ಜೆಗೆ ಸೋತಳು. ಮುಂದಿನ ವರ್ಷ ಆ ಹೆಜ್ಜೆಯನ್ನೂ ಗೆದ್ದಳು. ಊರಲ್ಲಿ "ಮುದುಕಿ" ಎನ್ನುವವರು ಯಾರೂ ಉಳಿಯಲಿಲ್ಲ. ಅವಳ ಹಿಂದೆ ಕೆರೆ ಏರಿಯ ಮೇಲೆ ಈಗಲೂ ಹುಡುಗ ಹುಡುಗಿಯರು ಓಡುತ್ತಿದ್ದರು, ಕಲಿಯಲು.

ಅದಾದ ವರ್ಷ ಬೇಸಿಗೆಯಲ್ಲಿ ಒಂದು ದಿನ ಕುಷ್ಟಗಿಯ ಕಡೆಯ ಹೆಂಗಸೊಬ್ಬಳು, ಅಮೀನಾಬೀ ಎಂಬುವಳು, ಆರು ವರ್ಷದ ಮಗಳ ಕೈ ಹಿಡಿದುಕೊಂಡು ಕರಿಗಲ್ಲಹಾಳಕ್ಕೆ ಬಂದಳು. ನರ್ಸಬಾಯಿ ಈ ಮನೆಯ ವಿಳಾಸ ಕೊಟ್ಟಿದ್ದಳಂತೆ. ಮಗು ತಾಯಿಯ ಹಿಂದೆ ಅವಿತು, ತೋಳುಗಳನ್ನು ಬಿಗಿಯಾಗಿ ಮೈಗೆ ಒತ್ತಿಕೊಂಡಿತ್ತು. ಅಮೀನಾಬೀ ಬಾಗಿಲಲ್ಲಿ ನಿಂತು ಏನು ಹೇಳುವುದೆಂದು ತಡವರಿಸುತ್ತಿದ್ದಳು.

ಕಟ್ಟೆಯ ಮೇಲೆ ಕುಳಿತಿದ್ದ ಕರಿಯವ್ವ ಮಗುವನ್ನು ಒಮ್ಮೆ ನೋಡಿದಳು. ಪಕ್ಕದಲ್ಲಿ ಚಾಪೆ ಬಿಡಿಸಿದಳು.

"ಬಾರವಾ, ಕುಂದ್ರು, ನೀರು ಕುಡಿ," ಎಂದಳು. ಮಗುವನ್ನು ಹತ್ತಿರಕ್ಕೆ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. "ಮೊದಲು ಹುಬ್ಬಳ್ಳಿ ಡಾಕ್ಟರಮ್ಮಗ ತೋರಸೂಣು. ನಮ್ಮ ಪಾರಿ ನಿನ್ನ ಕೂಡ ಬರ್ತಾಳ. ಭಾಳ ಮಂದಿ ಏನೇನೋ ಹೇಳ್ತಾರ, ಕಿವಿ ಕೊಡಬ್ಯಾಡ. ಕೂಸಿಗೆ ವಯಸ್ಸು ಎಷ್ಟು ಅಂತ ಮಂದಿ ಹೇಳೂದಲ್ಲ."

ಮಗು ಮೆಲ್ಲಗೆ ತೋಳು ಸಡಿಲಿಸಿ, ಕರಿಯವ್ವನ ಕೈಯಿಂದ ಬೆಲ್ಲದ ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಿತು.